ಅಜ್ಜಿಯ ಕಣ್ಣು, ಗೋಡೆಯ ತಾರೀಖು

ಕುರ್ಲಾದ ನಮ್ಮ ಚಾಳಿನಲ್ಲಿ ಒಬ್ಬರ ಕಣ್ಣು ಕೆಂಪಾದರೆ ಸಾಕು, ಮೂವತ್ತು ಒಂಟಿಕೋಣೆಯ ಖೋಲಿಗಳಿಂದ ಮೂವತ್ತು ಮಂದಿ ವೈದ್ಯರು ಹೊರಗೆ ಬರುತ್ತಾರೆ. ಒಬ್ಬರು ಉಷ್ಣ ಎನ್ನುತ್ತಾರೆ, ಇನ್ನೊಬ್ಬರು ದೃಷ್ಟಿ ತಾಗಿದೆ ಎನ್ನುತ್ತಾರೆ. ನಳದ ಸಾಲಿನಲ್ಲಿ ಕೊಡ ತುಂಬುವುದರೊಳಗೆ ಮದ್ದನ್ನೂ ಹೇಳಿ ಮುಗಿಸುತ್ತಾರೆ. ರಾಜೀವಿ ಎಂಬ ನಾನೂ ಆ ವೈದ್ಯರಲ್ಲಿ ಒಬ್ಬಳು. ಅದಕ್ಕೇ ಈ ಸಂಗತಿಯನ್ನು ನಾನೇ ಹೇಳಬೇಕು.

ಮೋನಪ್ಪ ನಮ್ಮ ಪಕ್ಕದ ಖೋಲಿಯವನು. ಉಡುಪಿ ಕಡೆಯಿಂದ ಬಂದು ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದ. ಅವನ ಎಡಗಣ್ಣು ಚಿಕ್ಕಂದಿನಲ್ಲೇ ಸಿಡುಬಿನಿಂದ ಹೋಗಿತ್ತು. ನಾಲ್ಕು ವರ್ಷಗಳ ಹಿಂದೆ ಬಲಗಣ್ಣಿನಲ್ಲೂ ಹುಣ್ಣಾಗಿ, ಬೆಳ್ಳಗಾಗಿ, ಏನೂ ಕಾಣದಾಯಿತು. ಮಗಳು ಪ್ರಫುಲ್ಲಾ ಹುಟ್ಟಿದಾಗ ಅವಳ ಮುಖವನ್ನು ಅವನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಿದ್ದೆ.

ಕಳೆದ ಚಳಿಗಾಲದಲ್ಲಿ ದೊಡ್ಡ ಕಣ್ಣಾಸ್ಪತ್ರೆಯ ಡಾಕ್ಟರರು ಅವನ ಬಲಗಣ್ಣಿನ ಮುಂದಿನ ಬೆಳ್ಳಗಾದ ಪದರವನ್ನು ತೆಗೆದು, ತೀರಿಕೊಂಡ ಒಬ್ಬ ಮುದುಕಿಯ ಕಣ್ಣಿನ ತಿಳಿಯಾದ ಪದರವನ್ನು ಅಲ್ಲಿಗೆ ಹೊಲಿದರು. ಆಕೆಯ ಹೆಸರು ಹೇಳಲಿಲ್ಲ. ಮೋನಪ್ಪನ ಹೆಂಡತಿ ವಿನೋದಿನಿ ಅದನ್ನು 'ಅಜ್ಜಿಯ ಕಣ್ಣು' ಎಂದೇ ಕರೆದಳು. ಮೋನಪ್ಪ ಮೊದಲ ಸಲ ಮಗಳನ್ನು ಕಂಡವನೇ, "ಅಯ್ಯೋ, ಇವಳಿಗೆ ನನ್ನ ಮೂಗೇ ಬಂದದ್ದಾ!" ಎಂದು ಮುಖ ಸಣ್ಣ ಮಾಡಿದಾಗ ಇಡೀ ಚಾಳು ನಕ್ಕಿತು. ಬೆಂಕಿಯ ಹತ್ತಿರ ಹೋಗಬೇಡ ಎಂದು ಡಾಕ್ಟರು ಹೇಳಿದ್ದರಿಂದ ಅದೇ ಹೋಟೆಲಿನಲ್ಲಿ ತರಕಾರಿ ಹೆಚ್ಚುವ ಕೆಲಸಕ್ಕೆ ಸೇರಿದ.

ಮಳೆಗಾಲದಲ್ಲಿ ಆ ಕಣ್ಣು ಕೆಂಪಾಯಿತು. ನೀರು ಸುರಿಯತೊಡಗಿತು. ಬೆಳಕು ಚುಚ್ಚುತ್ತದೆ ಎಂದು ಮೋನಪ್ಪ ಬಾಗಿಲಿಗೆ ಬೆನ್ನು ಹಾಕಿ ಕೂರತೊಡಗಿದ.

"ಹೋಟೆಲಿನ ಹೊಗೆ, ಮತ್ತೆಂತದೂ ಅಲ್ಲ," ಎಂದ.

"ಅಪ್ಪನ ಕಣ್ಣಲ್ಲಿ ಅಜ್ಜಿ ಅಳ್ತಾಳೆ," ಎಂದಳು ಪ್ರಫುಲ್ಲಾ.

ಮೂರು ವರ್ಷದ ಮಗುವಿನ ಮಾತು. ಆದರೆ ಅದು ವಿನೋದಿನಿಯ ಮನಸ್ಸಿನಲ್ಲಿ ನಾಟಿಬಿಟ್ಟಿತು. ನಮ್ಮ ಊರಿನ ಕಡೆ ತೀರಿಕೊಂಡವರನ್ನು ಕುಲೆ ಎನ್ನುತ್ತೇವೆ. ಮಳೆಗಾಲದ ಆಟಿ ತಿಂಗಳಲ್ಲಿ ಕುಲೆಗಳಿಗೆ ಎಲೆ ಹಾಕಿ ಬಡಿಸುತ್ತೇವೆ. ಬಡಿಸದಿದ್ದರೆ ಅವು ಹಸಿದು ಮನೆಯವರನ್ನು ಕಾಡುತ್ತವೆಂದು ನಂಬಿಕೆ.

"ರಾಜೀವಿಯಕ್ಕಾ, ಆ ಅಜ್ಜಿಗೆ ನಾವು ಒಂದು ತುತ್ತು ಬಡಿಸ್ಲಿಲ್ಲ. ಕಣ್ಣು ತಕ್ಕೊಂಡು ಸುಮ್ಮನೆ ಕೂತೆವು," ಎಂದು ವಿನೋದಿನಿ ಗುರುವಾರ ನನ್ನ ಹತ್ತಿರ ಅತ್ತಳು. "ಅಮಾವಾಸ್ಯೆಗೆ ಹದಿನೈದು ದಿನ ಉಂಟು. ಅವತ್ತು ಬಡಿಸಿದ್ರೆ ಸರಿ ಆಗ್ತದೆ. ಆಸ್ಪತ್ರೆಗೆ ಹೋಗ್ಲಿಕ್ಕೆ ಚೀಟಿಯಲ್ಲಿ ಬರೆದ ತಾರೀಖೂ ಅದರ ಮಾರನೇ ದಿನವೇ."

ನಾನು ದೊಡ್ಡ ಬುದ್ಧಿವಂತೆಯಂತೆ ಹೇಳಿದೆ: "ಅಲ್ಲಿವರೆಗೆ ಗುಲಾಬಿ ನೀರು ಬಿಡು. ಆಸ್ಪತ್ರೆಯವರು ದಿನಾ ಕಣ್ಣಿಗೆ ಬಿಡ್ಲಿಕ್ಕೆ ಕೊಟ್ಟ ಮದ್ದು ಬದಿಗಿಡು. ಎರಡೂ ಒಟ್ಟಿಗೆ ಆಗುದಿಲ್ಲ."

ವಿನೋದಿನಿ ಮೂರು ದಿನ ಹಾಗೆಯೇ ಮಾಡಿದಳು.

ಭಾನುವಾರ ಬೆಳಿಗ್ಗೆ ನಾನು ವಿನೋದಿನಿಯ ಖೋಲಿಯಲ್ಲಿದ್ದಾಗ ಅಲ್ಲಿಗೆ ಚನ್ನವ್ವ ಬಂದಳು. ಬಿಜಾಪುರದ ಕಡೆಯವಳು, ಕೊನೆಯ ಖೋಲಿಯಲ್ಲಿ ಇರುತ್ತಾಳೆ, ಅದೇ ಕಣ್ಣಾಸ್ಪತ್ರೆಯಲ್ಲಿ ಹದಿನಾಲ್ಕು ವರ್ಷಗಳಿಂದ ಆಯಾ. ಬಾಗಿಲಲ್ಲೇ ನಿಂತು ಮೋನಪ್ಪನನ್ನು ನೋಡಿದಳು.

"ಏನ್ ತಮ್ಮಾ, ಕಣ್ಣು ಹಿಂಗ್ಯಾಕ ಕೆಂಪಗಾಗೈತಿ?"

"ಹೊಗೆ, ಚನ್ನವ್ವಕ್ಕ."

"ಎರಡ ದಿನದಿಂದ ನೀ ಕೆಲಸಕ್ಕ ಹೋಗಿಲ್ಲ. ಹೊಗಿ ಬಿಟ್ಟ ಮ್ಯಾಲೂ ಕೆಂಪ ಇಳಿದಿಲ್ಲ ಅಂದ್ರ ಅದು ಹೊಗಿ ಹೆಂಗಾಗ್ತೈತಿ? ನೋವೈತೇನು?"

"ಸ್ವಲ್ಪ."

"ಮೊದಲಿನಂಗ ಕಾಣ್ತೈತಿಲ್ಲೊ?"

"ಸರೀ ಕಾಣ್ತದೆ."

ಎದುರು ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ತೂಗುತ್ತಿತ್ತು. ಅಂಗೈಯಷ್ಟು ದೊಡ್ಡ ಅಂಕಿಗಳು. ಕಣ್ಣು ಕಾಣತೊಡಗಿದಾಗಿನಿಂದ ಮೋನಪ್ಪ ಪ್ರತಿ ಬೆಳಿಗ್ಗೆ ಮಂಚದಿಂದಲೇ ಅದನ್ನು ಮಗಳಿಗೆ ಓದಿ ಹೇಳುತ್ತಿದ್ದ.

"ಹಂಗಾದ್ರ ಆ ತಾರೀಖು ಓದು ನೋಡೂಣು," ಎಂದಳು ಚನ್ನವ್ವ.

"ಭಾನುವಾರ, ಮೂರನೇ ತಾರೀಖು," ಎಂದ ಮೋನಪ್ಪ ಥಟ್ಟನೆ.

ವಿನೋದಿನಿ ಗೋಡೆಯ ಕಡೆ ತಿರುಗಿದಳು. ಅಲ್ಲಿ ಶುಕ್ರವಾರ, ಒಂದನೇ ತಾರೀಖು ಇತ್ತು. ಚಿಂತೆಯಲ್ಲಿ ಅವಳು ಎರಡು ದಿನದಿಂದ ಹಾಳೆ ಹರಿಯಲು ಮರೆತಿದ್ದಳು.

"ನಿಮಗೆ ಕಾಣುದಿಲ್ಲ," ಎಂದಳು. "ಯಾವಾಗಿಂದ?"

ಮೋನಪ್ಪ ತಲೆ ತಗ್ಗಿಸಿದ. "ಗುರುವಾರದಿಂದ. ಮಂಜು ಕಟ್ಟಿದ ಹಾಗೆ ಉಂಟು. ಮಗುವಿನ ಮುಖ ಪುನಃ ಹೋಗ್ತಾ ಉಂಟು ಅಂತ ನಿನ್ನ ಹತ್ರ ಹೇಗೆ ಹೇಳುದು? ಹೇಳಿದ್ರೆ ನಿಜವೇ ಆಗ್ತದೇನೋ ಅಂತ ಹೆದರಿಕೆ."

ವಿನೋದಿನಿ ಅವನ ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡಳು. ಚನ್ನವ್ವನ ಕಣ್ಣು ಗುಲಾಬಿ ನೀರಿನ ಬಾಟ್ಲಿಯ ಮೇಲೆ ಬಿತ್ತು.

"ಇದನ್ನ ಯಾರ ಹೇಳಿದ್ರು?"

ಯಾರೂ ನನ್ನ ಕಡೆ ನೋಡಲಿಲ್ಲ. ನಾನೇ ಶಾಲೆಯ ಹುಡುಗಿಯಂತೆ ಕೈ ಎತ್ತಿದೆ.

"ಬೈಯೂದು ಆಮ್ಯಾಲ. ಏಳ್ರಿ, ಈಗ ಆಸ್ಪತ್ರಿಗೆ ಹೋಗೂಣು," ಎಂದಳು ಚನ್ನವ್ವ.

"ಇವತ್ತು ಭಾನುವಾರ ಅಲ್ವಾ?"

"ದಿನಾ ನೋಡೂ ಡಾಕ್ಟರ್ ಇರೂದಿಲ್ಲ. ಅವಸರದ್ದು ನೋಡೂ ಡಾಕ್ಟರ್ ಇದ್ದ ಇರ್ತಾರ."

ವಿನೋದಿನಿ ಏಳಲಿಲ್ಲ. "ಆದ್ರೆ ಅಕ್ಕಾ, ಮೊದಲು ಬಡಿಸದೆ ಹೋದ್ರೆ ಅಜ್ಜಿಗೆ ಸಿಟ್ಟು ಹೆಚ್ಚಾಗ್ಲಿಕ್ಕಿಲ್ವಾ?"

ಚನ್ನವ್ವ ನಗಲಿಲ್ಲ. ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. "ಬಡಸವ್ವಾ, ಕೈ ಮುಗದು ಬಡಸು. ಆದ್ರ ಒಂದೀಟು ವಿಚಾರ ಮಾಡು. ನಾ ಸತ್ತ ಮ್ಯಾಲ ನನ್ನ ಕಣ್ಣು ಯಾರಿಗಾರ ಕೊಡ್ರಿ ಅಂದಾಕಿ, ಒಂದ ಎಲಿ ಊಟಕ್ಕ ನಿನ್ನ ಗಂಡನ ಕಣ್ಣು ಕಸಗೊಂತಾಳೇನು? ಆಕಿ ಕೊಟ್ಟಿದ್ದನ್ನ ಮೊದಲ ಉಳಿಸೂಣು. ಎಲಿ ಹಾಕೂ ದಿನ ನಾನೂ ಬರ್ತೀನಿ."

ವಿನೋದಿನಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಪ್ರಫುಲ್ಲಾಳನ್ನು ಅದೇ ಚಾಳಿನಲ್ಲಿದ್ದ ನನ್ನ ಅಣ್ಣು ಮಾಮನ ಖೋಲಿಯಲ್ಲಿ ಬಿಟ್ಟು ನಾವು ನಾಲ್ವರೂ ಲೋಕಲ್ ಹತ್ತಿದೆವು.

ಡಾಕ್ಟರು ದೀಪ ಹಿಡಿದು ಬಹಳ ಹೊತ್ತು ನೋಡಿದರು. ಅವರು ಮರಾಠಿಯಲ್ಲಿ ಹೇಳಿದ್ದನ್ನು ಚನ್ನವ್ವ ನಮಗೆ ಬಿಡಿಸಿ ಹೇಳಿದಳು.

"ಹೊಗಿಗೂ ಕಣ್ಣು ಕೆಂಪಗಾಗ್ತೈತಿ. ಹೊಲಿಗಿ ಸಡಿಲಾದ್ರೂ ಆಗ್ತೈತಿ, ಕೀವಾದ್ರೂ ಆಗ್ತೈತಿ. ಯಾವುದಂತ ಮನ್ಯಾಗ ಕುಂತ್ರ ಗೊತ್ತಾಗೂದಿಲ್ಲ, ಇಲ್ಲೇ ನೋಡಬೇಕು. ಇದು ಬ್ಯಾರೆ. ಈ ಪದರ ನಂದಲ್ಲ ಅಂತ ಮೈ ಈಗ ಅದರ ಕೂಡ ಜಗಳಾ ತಗದೈತಿ. ಮದ್ದು ಸರಿಯಾಗಿ ಹಾಕಿದ್ರೂ ಕೆಲವರಿಗೆ ಹಿಂಗಾಗ್ತೈತಂತ. ನೀವು ಮದ್ದು ಬಿಟ್ಟಿದ್ದಕ್ಕ ಇನ್ನಷ್ಟು ಜೋರಾಗೈತಿ. ಅಮಾಸಿ ತನಕ ಕುಂತಿದ್ರ ಪೂರಾ ಬೆಳ್ಳಗಾಗಿ ಹೋಗ್ತಿತ್ತು. ಈಗ ಉಳಿಸಾಕ ನೋಡ್ತೀವಿ ಅಂದ್ರು."

'ನೋಡ್ತೀವಿ' ಎಂದರು, 'ಉಳಿಸ್ತೀವಿ' ಎನ್ನಲಿಲ್ಲ. ಆ ಒಂದು ಮಾತು ಹಿಡಿದುಕೊಂಡು ವಿನೋದಿನಿ ಹನ್ನೊಂದು ದಿನ ವಾರ್ಡಿಗೂ ಮನೆಗೂ ಓಡಾಡಿದಳು. ನರ್ಸುಗಳು ಗಂಟೆ ಗಂಟೆಗೂ ಮದ್ದು ಬಿಟ್ಟರು. ಮೋನಪ್ಪ ಅಮಾವಾಸ್ಯೆಯ ಹಿಂದಿನ ಸಂಜೆ ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದ.

ಮರುದಿನ ವಿನೋದಿನಿ ಅಜ್ಜಿಗೆ ಬಡಿಸಿದಳು. ಹೆಸರು ಗೊತ್ತಿಲ್ಲ, ಜಾತಿ ಗೊತ್ತಿಲ್ಲ, ಮೀನು ತಿನ್ನುವವಳೋ ಅಲ್ಲವೋ ಅದೂ ಗೊತ್ತಿಲ್ಲ. ಆದ್ದರಿಂದ ಎರಡು ಎಲೆ ಹಾಕಿ ಒಂದಕ್ಕೆ ಮೀನಿನ ಸಾರು, ಇನ್ನೊಂದಕ್ಕೆ ಕೆಸುವಿನೆಲೆಯ ಪತ್ರೊಡೆ ಬಡಿಸಿದಳು. ಚನ್ನವ್ವನೂ ಬಂದು ಕೈ ಮುಗಿದಳು.

ಆಮೇಲೆ ವಿನೋದಿನಿ ಗಂಡನಿಗೆ, "ತಾರೀಖು ಓದಿ," ಎಂದಳು.

ಮೋನಪ್ಪ ಕನ್ನಡಕ ತೆಗೆದ. ಗೋಡೆಯನ್ನು ನೋಡಿದ, ಮತ್ತೆ ನೋಡಿದ.

"ಬುಧವಾರ. ಆರು," ಎಂದ. ಹುಬ್ಬು ಗಂಟಿಕ್ಕಿ ಹೆಂಡತಿಯ ಕಡೆ ತಿರುಗಿದ. "ಎಂತ ಮಾರಾಯ್ತಿ, ಇವತ್ತು ಶುಕ್ರವಾರ ಅಲ್ವಾ? ಪುನಃ ಹರೀಲಿಕ್ಕೆ ಮರೆತಿಯಾ?"

"ಮರೆತದ್ದಲ್ಲ," ಎಂದಳು ವಿನೋದಿನಿ. ಬೇಕೆಂದೇ ಹಳೆಯ ಹಾಳೆ ಬಿಟ್ಟಿದ್ದಳು. ಹೇಳುತ್ತಾ ನಕ್ಕಳು, ನಗುತ್ತಾ ಅತ್ತಳು.

ಅಕ್ಕಂದಿರೇ, ಅಣ್ಣಂದಿರೇ, ಇನ್ನೊಬ್ಬರು ಕೊಟ್ಟ ಕಣ್ಣಿನಿಂದ ನೋಡುವವರು ನಿಮ್ಮ ಮನೆಯಲ್ಲಿದ್ದರೆ ದಿನಾ ಬೆಳಿಗ್ಗೆ ಅವರಿಂದ ಗೋಡೆಯ ತಾರೀಖು ಓದಿಸಿ. ಕಣ್ಣು ಕೆಂಪಾದರೆ, ನೋವಾದರೆ, ಬೆಳಕು ಚುಚ್ಚಿದರೆ, ಮಸುಕಾದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಚೀಟಿಯಲ್ಲಿ ಬರೆದ ತಾರೀಖು ಬರಲಿ ಎಂದು ಕಾಯಬೇಡಿ, ಡಾಕ್ಟರು ಹೇಳದೆ ಮದ್ದು ನಿಲ್ಲಿಸಬೇಡಿ. ಆ ಕಣ್ಣು ನಿಮ್ಮದೇ ಆಗಿದ್ದು ಕಾಣದೇ ಇದ್ದರೆ ಕಾಣುತ್ತಿಲ್ಲ ಎಂದು ಮನೆಯವರಿಗೆ ಹೇಳಿಬಿಡಿ. ಮತ್ತು ನನ್ನಂಥ ಪಕ್ಕದ ಮನೆಯವಳು ಗುಲಾಬಿ ನೀರಿನ ಬಾಟ್ಲಿ ಹಿಡಿದುಕೊಂಡು ಬಂದರೆ, ಅವಳಿಗೊಂದು ಲೋಟ ಚಹಾ ಕೊಟ್ಟು, ಬಾಟ್ಲಿಯನ್ನು ಅವಳ ಕೈಗೇ ಕೊಟ್ಟು ಕಳಿಸಿ.