ಬೀರುವಿನ ಕೆಳಗಿನ ಮಾತು

ಹಳೆಯ ಫಿಲ್ಮು ತೊಳೆದು, ಹರಿದಲ್ಲಿ ಅಂಟಿಸಿ, ಕಂಪ್ಯೂಟರಿಗೆ ಏರಿಸುವುದು ಮೊಮ್ಮಗಳ ಕೆಲಸ. ಈ ಸಲ ತುಕ್ಕು ಹಿಡಿದು ಬಂದ ಡಬ್ಬಿಯಲ್ಲಿ ಇದ್ದವರು ಅವಳ ಅಜ್ಜ ಅಜ್ಜಿಯೇ. ಮದುವೆಗೆ ಮೊದಲು ಇಬ್ಬರೂ ಗಂಡ ಹೆಂಡತಿಯಾಗಿ ನಟಿಸಿದ್ದ ಹನ್ನೆರಡು ನಿಮಿಷದ ನಗೆಚಿತ್ರ. ಹಳೇ ಮೂಕಿ ಚಿತ್ರಗಳ ಹುಚ್ಚಿನ ಕಂಪನಿ ತೆಗೆದದ್ದರಿಂದ ಅದರಲ್ಲಿ ಮಾತಿಲ್ಲ.

ಫಿಲ್ಮಿನ ಕೊನೆಯ ಸುತ್ತುಗಳು ಒಂದಕ್ಕೊಂದು ಮೆತ್ತಿಕೊಂಡಿದ್ದವು. ನಾಲ್ಕು ದಿನ ಉಸಿರು ಬಿಗಿಹಿಡಿದು ಬಿಡಿಸಿದ್ದಳು.

"ಬೀರು ಬೀಳೋ ಸೀನು ಹಾಳಾಗದೆ ಉಳಿದಿದೆಯೇನೇ?" ಪಕ್ಕದಲ್ಲಿ ಕೂತ ಅಜ್ಜಿಯದು ಅದೊಂದೇ ಪ್ರಶ್ನೆ.

"ಉಳಿದಿದೆ ಅಜ್ಜಿ."

"ಮುಖ ತೋರಿಸಿ ಮಾತಾಡೇ, ಮಹರಾಯ್ತಿ!"

ಅಜ್ಜಿಯ ಕಿವಿ ಹೋಗಿ ಹದಿನೈದು ವರ್ಷ. ಈಗ ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಾಳೆ. ಮೊಮ್ಮಗಳು ಕುರ್ಚಿ ತಿರುಗಿಸಿ ಮತ್ತೊಮ್ಮೆ ಹೇಳಿದಳು.

"ಹಾಗಾದ್ರೆ ಹಾಕು. ಬೀರು ಕೆಳಗೆ ಬಿದ್ದುಕೊಂಡೂ ನನ್ನ ಬೈದ ಪುಣ್ಯಾತ್ಮ ನಿಮ್ಮಜ್ಜ. ಬೀರು ಬಿದ್ದ ಸದ್ದಿಗೆ ನಂಗೆ ಕೇಳಿಸಲಿಲ್ಲ, ಮುಖ ಮಾತ್ರ ಕೆಂಡ ಆಗಿತ್ತು. ಟಾಕೀಸಲ್ಲಿ ನೋಡಿದಾಗ ತುಟಿ ಓದೋಕೆ ಎಲ್ಲಿ ಬರ್ತಿತ್ತು? ಜಗಳ ಬಂದಾಗೆಲ್ಲ ಎತ್ತಿ ಆಡಿದೀನಿ. ಅವರೋ, ಪೇಪರ್ ಕೆಳಗಿಳಿಸದೇನೇ 'ಹೂಂ ಕಣೇ, ಬೈದೆ' ಅಂತಿದ್ರು. ಏನಂತ ಬೈದ್ರು ಅಂತ ಕೊನೇವರೆಗೂ ಬಾಯಿ ಬಿಡಲಿಲ್ಲ."

ಅಜ್ಜ ತೀರಿಕೊಂಡು ಆರು ವರ್ಷವಾಗಿತ್ತು.

ಚಿತ್ರ ಓಡತೊಡಗಿತು. ಗಂಡ ಮನೆಗೆ ಬರುತ್ತಾನೆ. ಮಂಚದಡಿ ಹೊಸ ಬೂಟು! ಹೆಂಡತಿ ಅವನಿಗೆಂದೇ ತಂದು ಬಚ್ಚಿಟ್ಟದ್ದು. ಪಾಪ, ಅವನಿಗೇನು ಗೊತ್ತು? 'ಯಾವನೇ ಬೀರು ಒಳಗಿರೋನು?' ಎಂಬ ಅಕ್ಷರ ಮೂಡಿತು. ಅಜ್ಜ ಕಾರ್ಪೆಟ್ಟಿನ ಮೇಲೆ ಜಾರಿದ, ಕುರ್ಚಿಯೊಳಗೆ ಸಿಕ್ಕಿಕೊಂಡ, ಕುರ್ಚಿಯನ್ನು ಬೆನ್ನಿಗೆ ಹೊತ್ತೇ ಬೀರುವಿಗೆ ಡಿಕ್ಕಿ ಹೊಡೆದ. ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೀಳದಂತೆ ಸೊಂಟಕ್ಕೊಂದು ಹಗ್ಗವನ್ನೂ ಕಟ್ಟಿಕೊಳ್ಳದೆ ಆಡಿದ್ದಾನಲ್ಲ ಈ ಮನುಷ್ಯ! ವಯಸ್ಸು ಇಪ್ಪತ್ತಾರು, ತನಗಿಂತ ಚಿಕ್ಕವನು. ಕೆಮ್ಮುತ್ತಾ ಚಪ್ಪಲಿ ಹುಡುಕುತ್ತಿದ್ದ ಅಜ್ಜನ ಮೈಯಲ್ಲಿ ಇಂಥ ಚಿಗರೆ ಇತ್ತೇ?

ಬೀರು ವಾಲಿತು. ಅದು ಬಲಕ್ಕೆ ಬೀಳಬೇಕಿತ್ತು, ಎಡಕ್ಕೆ ಬಂತು, ಅಜ್ಜಿ ನಿಂತ ಕಡೆಗೆ. ಅಜ್ಜ ಕಪ್ಪೆಯಂತೆ ಹಾರಿ ಅದರಡಿಗೆ ಬೆನ್ನು ಕೊಟ್ಟ. ಧೂಳು.

"ನಿಲ್ಲಿಸು! ಒಂದೊಂದೇ ಚಿತ್ರ ತೋರಿಸು."

ಮೊಮ್ಮಗಳು ಗುಂಡಿ ಒತ್ತುತ್ತಾ ಹೋದಳು. ಧೂಳಿನೊಳಗಿಂದ ಮುಖ ತೇಲಿ ಬಂತು. ರೆಪ್ಪೆಯ ಮೇಲೆ ಪುಡಿ, ಉಬ್ಬಿದ ನರ. ತುಟಿ ತೆರೆಯಿತು, ಮುಚ್ಚಿತು. ಅಜ್ಜಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಅವಳ ತುಟಿಗಳೂ ಅವನ ಜೊತೆಗೇ ಅಲುಗುತ್ತಿದ್ದವು.

"ಕಾ... ಲು... ಕಾಲು ತೆಗಿ," ಅಂದಳು. ತಡೆದಳು. "ತಾ... ಗಿ... ತಾ. ತಾಗಿತಾ? ಕಾಲಿಗೆ ತಾಗಿತಾ?"

ಮೊಮ್ಮಗಳು ಸಾವಿರ ಫಿಲ್ಮು ತೊಳೆದಿದ್ದಳು. ಸತ್ತವರು ಹೀಗೆ ಮಾತಾಡಿದ್ದನ್ನು ಕಂಡಿರಲಿಲ್ಲ. ಕಿವಿ ಇದ್ದಷ್ಟು ದಿನ ಅಜ್ಜಿಗೆ ಸಿಗದ ಮಾತು, ಕಿವಿ ಹೋದ ಮೇಲೆ ಸಿಕ್ಕಿತ್ತು.

"ಬೈದೇ ಇಲ್ಲ ಕಣೇ," ಅಜ್ಜಿಯ ದನಿ ಸಣ್ಣದಾಯಿತು. "ಬೆನ್ನ ಮೇಲೆ ಬೀರು, ಬಾಯಲ್ಲಿ ನನ್ನ ಕಾಲು. ಮತ್ಯಾಕೆ ಹೂಂಗುಟ್ಟಿದ್ರು? ಆ ಜಂಬದ ಕೋಳಿಗೆ ನಿಜ ಹೇಳೋಕೇ ನಾಚಿಕೆಯಾಗಿರಬೇಕು."

"ಇನ್ನೊಂದ್ಸಲ ಹಾಕ್ಲಾ?" ಮೊಮ್ಮಗಳು ಮುಖ ತೋರಿಸಿ ಕೇಳಿದಳು.

ಅಜ್ಜಿ ತಲೆಯಾಡಿಸಿದಳು. ಮತ್ತೆ ಬೀರು ಬಿತ್ತು, ಮತ್ತೆ ಧೂಳು, ಮತ್ತೆ ಆ ತುಟಿ ಕೇಳಿತು. ಅಜ್ಜಿ ಚಪ್ಪಲಿ ಕಳಚಿದಳು. ಮೊಮ್ಮಗಳ ಭುಜ ಹಿಡಿದು, ಕಷ್ಟಪಟ್ಟು, ಎಡಗಾಲನ್ನು ಪರದೆಯ ಕಡೆ ಎತ್ತಿದಳು.

"ಇಲ್ಲಾರೀ, ತಾಗ್ಲಿಲ್ಲ," ಎಂದು ಐದೂ ಬೆರಳು ಅಲುಗಿಸಿ ತೋರಿಸಿದಳು.