ಅಮ್ಮನ ಕೈಗೆಟುಕುವ ಎತ್ತರ

ಚಳಿ ಕಳೆದು ಬಿಸಿಲು ಮೈಗೆ ಹಿತವೆನಿಸುವ ವಾರ. ದಡಕ್ಕೆಳೆದು ನಿಲ್ಲಿಸಿದ್ದ ದೋಣಿಗಳ ಹೊಟ್ಟೆಯಡಿ ಜನ ಅಂಗಾತ ಮಲಗಿ, ಅಂಟಿಕೊಂಡ ಚಿಪ್ಪುಗಳನ್ನು ಕೆರೆಯುತ್ತಿದ್ದರು. ಬಡಗಿಗೆ ಆ ದಿನ ಅದು ಮೂರನೆಯ ದೋಣಿ. ಗಡ್ಡದಲ್ಲೆಲ್ಲ ಚಿಪ್ಪಿನ ಪುಡಿ.

"ಅಣ್ಣಾ, ಹೊರಗೆ ಬಾ. ಅಮ್ಮ ಒಪ್ಪಿದ್ಲು!"

ತಂಗಿಯ ದನಿ. ಆಸ್ಪತ್ರೆಯಲ್ಲಿ ನರ್ಸು, ಪಾಳಿ ಮುಗಿಸಿ ನೇರ ಇಲ್ಲಿಗೇ ಬಂದಿದ್ದಳು.

"ಯಾತಕ್ಕೆ ಒಪ್ಪಿದ್ಲು?"

"ದ್ವೀಪಕ್ಕೆ ಬರೋಕೆ. ಚಿಕ್ಕಮ್ಮನ್ನ ನೋಡೋಕೆ. ಆದ್ರೆ ದೋಣಿ ಆರಿಸೋದು ಅವಳೇ ಅಂತೆ. ಹಿಡಿಸದಿದ್ರೆ ಹೋಗೋದೇ ಇಲ್ಲ ಅಂತೆ."

ಬಡಗಿ ತೆವಳಿಕೊಂಡು ಹೊರಬಂದ. ಒಂಬತ್ತು ವರ್ಷದ ಹಿಂದೆ ದೊಡ್ಡ ಲಾಂಚಿನಲ್ಲಿ ಹೋಗುವಾಗ ಅಮ್ಮ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಅಂದಿನಿಂದ ತೇಲುವ ಯಾವುದರ ಮೇಲೂ ಕಾಲಿಟ್ಟಿರಲಿಲ್ಲ. ಅತ್ತ ಚಿಕ್ಕಮ್ಮನ ಸೊಂಟ ಕೆಟ್ಟು ಅವಳೂ ಇತ್ತ ಬರುವಂತಿರಲಿಲ್ಲ. ಅಕ್ಕತಂಗಿಯರದು ಫೋನಿನಲ್ಲಿ ಕೂಗಾಟವೇ ಭೇಟಿ.

ಅಣ್ಣತಂಗಿ ಇಬ್ಬರಿಗೂ ಒಂದೊಂದು ಹಾಯಿದೋಣಿ ಇತ್ತು. ಅವನದು ನಲವತ್ತೈದು ವರ್ಷದ ಹಳೆಯ ಮರದ ದೋಣಿ. ಭಾರ, ನಿಧಾನ, ಅರ್ಧ ಹೊಟ್ಟೆ ನೀರಿನೊಳಗೆ. ದೋಣಿ ಕಟ್ಟುವ ಧಕ್ಕೆಯ ಜನ ಅದನ್ನು ಎಮ್ಮೆ ಅನ್ನುತ್ತಿದ್ದರು. ಅವಳದು ಹೋದ ವರ್ಷ ಕೊಂಡ ಫೈಬರಿನದು. ಮೂತಿ ಚೂಪು, ಹಿಂಭಾಗ ಅಗಲ, ತಳ ಚಪ್ಪಟೆ. ಅದಕ್ಕೆ ಇಸ್ತ್ರಿಪೆಟ್ಟಿಗೆ ಅಂತ ಹೆಸರು ಬೀಳಲು ಎರಡು ದಿನವೂ ಬೇಕಾಗಲಿಲ್ಲ.

"ಅಮ್ಮ ಎಮ್ಮೆ ಹತ್ತಲ್ಲ ಬಿಡು. ಹಿಂದಕ್ಕೆ ಬಾ ಅಂದ್ರೆ ಪಕ್ಕಕ್ಕೆ ಹೋಗತ್ತೆ ಅದು," ಅಂದಳು ತಂಗಿ.

"ನಿಂದು ಅಲೆಗೆ ಬಡಿದ್ರೆ ಪಾತ್ರೆ ಅಂಗಡೀನೇ ಬಿದ್ದ ಸದ್ದು."

"ಪಂದ್ಯ? ಅಮ್ಮ ಯಾರ ದೋಣೀಲಿ ಹೋಗ್ತಾಳೋ ಅವರು ಗೆದ್ದ ಹಾಗೆ. ಸೋತವರು ವರ್ಷದ ಕೊನೇಲಿ ಗೆದ್ದವರ ದೋಣಿ ಕೆರೀಬೇಕು."

"ಆಗಲಿ."

ಭಾನುವಾರ ಅಮ್ಮ ಬಂದಳು. ನಲವತ್ತು ವರ್ಷ ದನ ಸಾಕಿದ ಹೆಂಗಸು. ದೋಣಿಗಳನ್ನೂ ಹಸು ಕೊಳ್ಳಲು ಬಂದವಳಂತೆ ಸೊಂಟದ ಮೇಲೆ ಕೈಯಿಟ್ಟು ಹಿಂದೆ ಮುಂದೆ ನೋಡಿದಳು, ಮೈ ತಟ್ಟಿದಳು.

ಮೊದಲು ಇಸ್ತ್ರಿಪೆಟ್ಟಿಗೆ. ಅದರ ಹಿಂಭಾಗ ಬಾಗಿಲಿನಂತೆ ಕೆಳಕ್ಕೆ ತೆರೆದುಕೊಂಡಿತು. ಅಮ್ಮ ಹೊಸಿಲು ದಾಟಿದಷ್ಟು ಸಲೀಸಾಗಿ ಒಳಹೋದಳು. ಒಳಗಿಳಿಯಲು ಅಗಲದ ಮೂರೇ ಮೆಟ್ಟಿಲು. ಸುತ್ತ ಕಿಟಕಿ, ಮೂಲೆಯಲ್ಲಿ ಒಲೆ, ಹಿಂದೆ ದೊಡ್ಡ ಹಾಸಿಗೆ.

"ಇದು ಮನೆ ಕಣೇ! ಗಂಡ ಹೆಂಡ್ತಿ ಜಗಳ ಆಡ್ಕೊಂಡೂ ಮಲಗಬಹುದು."

ತಂಗಿ ಅಣ್ಣನ ಕಡೆ ಹುಬ್ಬು ಹಾರಿಸಿದಳು. ಪರೀಕ್ಷೆಗೊಂದು ಸುತ್ತು ಹೊರಡಿಸಲು ಚುಕ್ಕಾಣಿ ಹಿಡಿದಿದ್ದ ಅವನು ಸಮುದ್ರ ನೋಡುತ್ತಿದ್ದ.

ಕಲ್ಲಿನ ಒಡ್ಡು ದಾಟಿದ್ದೇ ಗಾಳಿ ಸಿಕ್ಕಿತು. ದೋಣಿ ವಾಲಿಕೊಂಡು ಓಡಿತು. ಚಹಾಕ್ಕೆ ನೀರಿಡೋಣವೆಂದು ಅಮ್ಮ ಎದ್ದಳು. ಒಲೆಗೆ ನಾಲ್ಕೇ ಹೆಜ್ಜೆ. ಎರಡನೆಯದಕ್ಕೆ ಅವಳ ಕೈಗಳು ಬರಿಗಾಳಿಯಲ್ಲಿ ಏನನ್ನೋ ಹುಡುಕಿದವು. ಮರುಕ್ಷಣ ನೆಲದ ಮೇಲಿದ್ದಳು.

"ಅಯ್ಯೋ, ಬಿದ್ಯಾ ಅಮ್ಮಾ?"

"ಬೀಳೋಕೆ ಮುಂಚೆ ಕೂತ್ಕೊಂಡೆ."

"ಹಿಡಿಕೆ ಇದೆಯಲ್ಲಮ್ಮಾ! ಇಲ್ಲಿಂದ ಅಲ್ಲೀವರೆಗೂ ಇದೆ ನೋಡು!"

ಹಿಡಿಕೆಯ ಕಂಬಿ ಇದ್ದದ್ದು ಚಾವಣಿಯಲ್ಲಿ. ತಂಗಿ ಉದ್ದದ ಹೆಂಗಸು. ವರ್ಷದಿಂದ ಅದನ್ನೇ ಹಿಡಿದು ಓಡಾಡಿದ್ದಳು.

"ಅದನ್ನ ಹಿಡಿಯೋಕೆ ನಾನು ಬಾವಲಿ ಆಗ್ಬೇಕು," ಅಂದಳು ಅಮ್ಮ.

ಮಧ್ಯಾಹ್ನ ಎಮ್ಮೆಯ ಸರದಿ. ಸ್ಟೂಲು ಹಾಕಿ, ಮಗ ಕೈ ಹಿಡಿದು, ಹೇಗೋ ಮೇಲಕ್ಕೆ ಹತ್ತಿಸಿದ. ಒಳಗಿಳಿಯಲು ಗೋಡೆಗೆ ಆನಿಸಿದಂಥ ಕಡಿದಾದ ಏಣಿ, ಐದು ಮೆಟ್ಟಿಲು. ಮೊದಲನೆಯದಕ್ಕೇ ಅಮ್ಮನ ಮಂಡಿ ಮುಷ್ಕರ ಹೂಡಿತು. ತಿರುಗಿ ನಿಂತು ನೋಡಿದಳು, ಅಡ್ಡಡ್ಡ ನೋಡಿದಳು. ಆಗಲಿಲ್ಲ. ಅಲ್ಲೇ ಕೂತು ಒಳಕ್ಕೆ ಇಣುಕಿದಳು. ಓಣಿಯಷ್ಟು ಇಕ್ಕಟ್ಟು; ಎರಡೂ ಬದಿಗೆ, ಮೊಣಕೈ ಎತ್ತರದಲ್ಲಿ, ಎಷ್ಟೋ ಕೈ ತಿಕ್ಕಿ ನುಣುಪಾದ ಮರದ ಕಂಬಿ.

"ಇದನ್ನ ಕಟ್ಟಿದವನು ಕುಳ್ಳ ಇರ್ಬೇಕು."

"ನನ್ನ ಭುಜದಷ್ಟಿದ್ದನಂತೆ."

"ಪುಣ್ಯಾತ್ಮ." ಅಮ್ಮ ಮೆಲ್ಲನೆ ಎದ್ದಳು. "ಅದು ನಿಲ್ಲೋಕೆ ಬಿಡಲ್ಲ, ಇದು ಒಳಗೇ ಬಿಡಲ್ಲ. ಬರಲ್ಲ ಅಂತ ನಿಮ್ಮ ಚಿಕ್ಕಮ್ಮಂಗೆ ಫೋನ್ ಮಾಡ್ತೀನಿ ನಡೀರಿ."

ನಗುತ್ತಲೇ ಅಂದಳು. ಆದರೆ ಬಲಗೈ ಎಡಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಮಕ್ಕಳಿಬ್ಬರೂ ಅದನ್ನು ಕಂಡರು.

ಫೋನ್ ಮಾಡುವುದನ್ನು ಒಂದು ದಿನ ತಡೆಯುವಂತೆ ಬಡಗಿ ಬೇಡಿಕೊಂಡ. ಎಮ್ಮೆಯ ಏಣಿ ಬದಲಿಸಬೇಕೆಂದರೆ ಅದರಡಿಯ ಇಂಜಿನ್ನನ್ನೇ ಸರಿಸಬೇಕು, ತಿಂಗಳುಗಟ್ಟಲೆ ಕೆಲಸ. ಒಳಗಿಳಿದು ಬದಿಯ ಮರದ ಕಂಬಿಗಳ ಮೇಲೆ ಕೈಯಾಡಿಸಿ, ಸ್ಕ್ರೂಡ್ರೈವರ್ ಎತ್ತಿಕೊಂಡ.

ಬೆಳಿಗ್ಗೆ ಅಮ್ಮನನ್ನು ಕರೆದುಕೊಂಡು, ಹೆಗಲ ಮೇಲೆ ಎರಡು ಕಂಬಿ ಹೊತ್ತು ಇಸ್ತ್ರಿಪೆಟ್ಟಿಗೆಗೆ ಬಂದ.

"ಏನಿದು?" ಅಂದಳು ತಂಗಿ.

"ಎಮ್ಮೆ ಕೊಂಬು."

ಅಮ್ಮನನ್ನು ನಿಲ್ಲಿಸಿ, "ಕೊಟ್ಟಿಗೇಲಿ ನಿಂತ ಹಾಗೆ ನಿಲ್ಲಮ್ಮಾ," ಅಂದು, ಅವಳ ಕೈ ತಾನಾಗಿ ಬಂದ ಎತ್ತರಕ್ಕೆ ಪೆನ್ಸಿಲ್ ಗೀಟು ಎಳೆದ. ಡ್ರಿಲ್ ಕೈಗೆತ್ತಿಕೊಂಡಾಗ ತಂಗಿಯ ಮುಖ ಹುಳ್ಳಗಾಯಿತು. ಚಪ್ಪಲಿ ಬಿಡದೆ ಯಾರನ್ನೂ ಒಳಗೆ ಬಿಡದ ದೋಣಿ ಅದು. ಒಂದು ಗೀರೂ ಬಿದ್ದಿರಲಿಲ್ಲ.

"ತಡಿ. ಕೊಡು ಇಲ್ಲಿ. ನೀನು ಕೊರೆದ್ರೆ ಜನ್ಮವೆಲ್ಲ ನಿನ್ನ ಬೈತಿರ್ತೀನಿ."

ತಾನೇ ಹಲ್ಲು ಕಚ್ಚಿ ಹದಿನಾರು ತೂತು ಕೊರೆದಳು.

ಎರಡು ದಿನ ಬಿಟ್ಟು ಹೊರಟರು. ದೋಣಿ ಎಷ್ಟೇ ವಾಲಿದರೂ ಅಮ್ಮ ಕಂಬಿ ಹಿಡಿದು ಒಲೆಗೆ ಹೋದಳು, ಬಂದಳು, ಕೆಲಸವಿಲ್ಲದಿದ್ದರೂ ಆರು ಸಲ ಓಡಾಡಿದಳು. ಅಣ್ಣ ನಡೆಸುತ್ತಿದ್ದ ಕೊಂಬಿಲ್ಲದ ಎಮ್ಮೆ ಹಿಂದೆಲ್ಲೋ ಚುಕ್ಕೆಯಾಗಿತ್ತು. ಅದು ದ್ವೀಪ ಮುಟ್ಟುವಷ್ಟರಲ್ಲಿ ಅಕ್ಕತಂಗಿಯರು ಧಕ್ಕೆಯ ಬೆಂಚಿನ ಮೇಲೆ ಅತ್ತು, ನಕ್ಕು, ಒಂಬತ್ತು ವರ್ಷದ ಹಿಂದಿನ ಒಂದು ಸೀರೆಯ ವಿಷಯಕ್ಕೆ ಜಗಳವಾಡಿಯೂ ಆಗಿತ್ತು.

"ಸೋತೆ ಅಣ್ಣಾ! ಕೆರಿ!"

"ಅಮ್ಮ ಹಿಡ್ಕೊಂಡು ಬಂದಿದ್ದು ಯಾರ ಕೊಂಬು? ನೀನೇ ಕೆರಿ!"

ಇಬ್ಬರೂ ಅಮ್ಮನ ಕಡೆ ತಿರುಗಿದರು.

"ನಾನು ಬಂದಿದ್ದು ನನ್ನ ಕಾಲಲ್ಲಿ," ಅಂದು ಅಮ್ಮ ಸೀರೆಯ ಜಗಳಕ್ಕೆ ಮರಳಿದಳು.

ವರ್ಷದ ಕೊನೆಗೆ ಎರಡೂ ದೋಣಿ ದಡಕ್ಕೆ ಬಂದು ಅಕ್ಕಪಕ್ಕ ನಿಂತವು. ಹೊಟ್ಟೆ ತುಂಬ ಚಿಪ್ಪು.

"ಕೊಂಬು ಬಿಚ್ಚಿ ಕೊಡ್ತೀನಿ, ಬಂದು ಕೆರಿ," ಅಂದಳು ತಂಗಿ.

"ಬಿಚ್ಚು ನೋಡೋಣ, ನಿನ್ನ ಕೈ ಮುರೀತೀನಿ."

ಹದಿನೈದು ದಿನವಾಯಿತು. ಕೆರೆಯುವ ಉಳಿ ಎರಡು ದೋಣಿಗಳ ನಡುವೆ ಸ್ಟೂಲಿನ ಮೇಲೆ ಬಿದ್ದಿದೆ. ದಾಟುವಾಗ ಇಬ್ಬರೂ ಅದನ್ನು ಒಂದಿಷ್ಟು ಇನ್ನೊಬ್ಬರ ಕಡೆ ಸರಿಸಿ ಹೋಗುತ್ತಾರೆ.