ಧೂಳಿನೊಳಗಿನ ಗೆರೆ

ಬೆಳಿಗ್ಗೆ ಉಪಗ್ರಹದ ಚಿತ್ರ ನೋಡಿದ ಕೂಡಲೇ ಮಾವನಿಗೆ ಫೋನ್ ಮಾಡಿದೆ. ಒಣಗಿದ ಸಮುದ್ರದ ತಳದಿಂದ ಧೂಳು ಎದ್ದು ಬಡಗಣ ಗಾಳಿಯ ಜೊತೆ ನಮ್ಮ ಕಡೆಗೇ ಬರುತ್ತಿತ್ತು.

"ಅತಾ, ಉಪ್ಪು ಧೂಳು ಬರ್ತಿದೆ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ ಒಳಗೇ ಇರಿ. ನಾನು ಹೇಳೋವರೆಗೂ ಬಾಗಿಲು ತೆಗೀಬೇಡಿ."

"ಆಯ್ತು ಮಗಳೇ. ಜುಪಾರಳನ್ನೂ ಬಿಡಲ್ಲ."

ಜುಪಾರ್ ನನ್ನ ಮಗಳು. ನಮ್ಮಲ್ಲಿ ಮೊದಲ ಮಗು ಅಜ್ಜ ಅಜ್ಜಿಯದು. ಅತ್ತೆ ತೀರಿಕೊಂಡ ಮೇಲೂ ಅವಳು ಮಾವನ ಹತ್ತಿರವೇ ಇದ್ದಾಳೆ. ಅಮು ನದಿ ಕವಲೊಡೆಯುವ ಕಡೆ, ಜೊಂಡಿನ ನಡುವೆ ಅವರ ದನಗಳ ಬಿಡಾರ.

ಹವಾಮಾನ ಕಚೇರಿಯಲ್ಲಿ ನಾವಿದ್ದದ್ದು ಇಬ್ಬರೇ. ಹಿರಿಯರಾದ ಗೆಂಜೆ ಅಗಾ ಎಚ್ಚರಿಕೆಯ ಕಾಗದ ಹಿಡಿದು ರೇಡಿಯೋ ಕೇಂದ್ರಕ್ಕೆ ಹೊರಟರು.

"ಹೋದ ಸಲದ್ದೇ ಕಾಗದ. ತಾರೀಖು ತಿದ್ದಿದೀನಿ ಅಷ್ಟೆ," ಎಂದರು. "ನೀನು ಆ ಪರದೆ ನುಂಗೋ ಹಾಗೆ ನೋಡಬೇಡ, ಸರ್ಬಿನಾಜ್. ಚಹಾ ಕುಡಿ."

ಚಹಾ ಬಗ್ಗಿಸಿಕೊಂಡೆ. ಆದರೆ ಕುಡಿಯಲಾಗಲಿಲ್ಲ. ಮುಂದಿನ ಚಿತ್ರದಲ್ಲಿ ಧೂಳಿನೊಳಗೆ ಬೂದು ಬಣ್ಣದ ಗೆರೆಯೊಂದಿತ್ತು. ಧೂಳಿಗೆ ಹುಟ್ಟಿದ ಜಾಗ ಅಂತ ಒಂದಿರುವುದಿಲ್ಲ, ಬಯಲಿಗೆ ಬಯಲೇ ಏಳುತ್ತದೆ. ಈ ಗೆರೆ ಒಂದೇ ಚುಕ್ಕಿಯಿಂದ ಹೊರಟು ಮುಂದೆ ಹೋದಂತೆ ಅಗಲವಾಗಿತ್ತು. ಧೂಳನ್ನು ಮಾತ್ರ ಗುಲಾಬಿ ಬಣ್ಣದಲ್ಲಿ ತೋರಿಸುವ ಚಿತ್ರ ತೆರೆದೆ. ಅದರಲ್ಲಿ ಗೆರೆಯೇ ಇರಲಿಲ್ಲ. ಹಾಗಾದರೆ ಅದು ಧೂಳಲ್ಲ, ಹೊಗೆ. ಶಾಖ ತೋರಿಸುವ ಚಿತ್ರದಲ್ಲಿ, ಗೆರೆ ಹುಟ್ಟಿದ ಜಾಗದಲ್ಲೇ ಬೆಂಕಿ ಕಾಣಿಸಿತು.

ಹೊಸ ಚಿಗುರು ಬರಲೆಂದು ವಸಂತದಲ್ಲಿ ಹಳೇ ಜೊಂಡಿಗೆ ಬೆಂಕಿ ಇಡುವುದು ನಮ್ಮವರ ರೂಢಿ. ಯಾವನೋ ಪುಣ್ಯಾತ್ಮ ಬೆಳಿಗ್ಗೆ ಹಚ್ಚಿ, ಗಾಳಿ ಎದ್ದೊಡನೆ ಮನೆ ಸೇರಿ ಬಾಗಿಲು ಹಾಕಿಕೊಂಡಿದ್ದ. ಬೆಂಕಿಯಿಂದ ಗಾಳಿ ಹೋಗುವ ದಿಕ್ಕಿಗೆ ಮಾವನ ಬಿಡಾರ. ಧೂಳು ಬಂದರೆ ಒಳಗಿರಬೇಕು, ಜೊಂಡು ಹತ್ತಿದರೆ ಹೊರಗೆ ಓಡಬೇಕು. ನಾನು ಅವರನ್ನು ಒಳಗೆ ಕೂರಿಸಿದ್ದೆ.

ಮಾವನ ಫೋನ್ ಸಿಗಲಿಲ್ಲ. ಗಂಡ ಎತ್ತಲಿಲ್ಲ. ಬಿಡಾರಕ್ಕೆ ಹತ್ತಿರದ ಊರು ಮೊಯ್ನಾಕಿನ ಅಗ್ನಿಶಾಮಕ ಠಾಣೆಯವನು ಎತ್ತಿದ.

"ತಂಗಿ, ಇಲ್ಲಿ ಅಂಗೈ ಕಾಣ್ತಿಲ್ಲ. ಹೊಗೆ ಎಲ್ಲಿಂದ ನೋಡಿದೆ ನೀನು?"

"ಮೇಲಿಂದ. ಅಕ್ಷಾಂಶ ರೇಖಾಂಶ ಕೊಡ್ತೀನಿ, ಬರ್ಕೊಳ್ಳಿ."

"ಅದನ್ನ ತಗೊಂಡು ಏನು ಮಾಡ್ಲಿ? ವಾಕಿಟಾಕಿಯಲ್ಲಿ ಡ್ರೈವರಿಗೆ ಹೇಳ್ಬೇಕು. ಅವನಿಗೆ ದಾರಿ ಗೊತ್ತಿರೋದು ಮನೆ ಹೆಸರಿಂದ. ಯಾರ ಬಿಡಾರ?"

ನಮ್ಮಲ್ಲಿ ಸೊಸೆಯಂದಿರು ಮಾವನ ಹೆಸರು ಹೇಳುವುದಿಲ್ಲ. ನಮ್ಮ ಮಾವನಿಗೆ ಬುಧವಾರದ ಹೆಸರಿಟ್ಟಿದ್ದಾರೆ. ಅದಕ್ಕೇ ಮದುವೆಯಾದಾಗಿನಿಂದ ನಾನು ಬುಧವಾರವನ್ನೂ 'ಮಂಗಳವಾರದ ಮಾರನೇ ದಿನ' ಎನ್ನುತ್ತೇನೆ. ಕಚೇರಿಯವರಿಗೆಲ್ಲ ನಗಲು ಅದೊಂದು ನೆಪ.

"ನಮ್ಮ ಮಾವಂದು," ಎಂದೆ. "ದೊಡ್ಡ ಕೆರೆ ಪಕ್ಕದವರು. ಚುಕ್ಕೆ ಹಸುಗಳವರು."

"ಇಲ್ಲಿ ಎಲ್ಲರೂ ಯಾರಿಗೋ ಮಾವಂದಿರೇ, ಎಲ್ಲರ ಹಸುಗೂ ಚುಕ್ಕೆ ಇದೆ. ಹೆಸರು ಹೇಳಮ್ಮ."

ಮೂಲೆಯ ರೇಡಿಯೋದಲ್ಲಿ ಗೆಂಜೆ ಅಗಾ ನಿಧಾನವಾಗಿ ಓದುತ್ತಿದ್ದರು: ದಯವಿಟ್ಟು ಯಾರೂ ಮನೆಯಿಂದ ಹೊರಗೆ ಬರಬೇಡಿ. ನನಗೆ ಆ ರೇಡಿಯೋವನ್ನು ಎತ್ತಿ ಗೋಡೆಗೆ ಬಡಿಯುವಷ್ಟು ಸಿಟ್ಟು ಬಂತು.

"ಸಾರ್ಸೆನ್‌ಬಾಯ್," ಎಂದೆ. ಅದು ನನಗೇ ಕೇಳಿಸಲಿಲ್ಲ. ಎದ್ದು ನಿಂತು ಕೂಗಿದೆ. "ಸಾರ್ಸೆನ್‌ಬಾಯ್. ಕುದೈಬೆರ್ಗೆನನ ಮಗ ಸಾರ್ಸೆನ್‌ಬಾಯ್. ಒಳಗೆ ಮಗು ಇದೆ."

"ಹಾಂ, ಸಾರ್ಸೆನ್ ಬಿಡಾರ. ಹಾಗನ್ನು ಮತ್ತೆ," ಎಂದು ಅವನು ಫೋನಿಟ್ಟ.

ಆಮೇಲೆ ಕಾಯುವುದಷ್ಟೇ ಉಳಿಯಿತು. ಹೊಸ ಚಿತ್ರ ಬರುವ ಹೊತ್ತಿಗೆ ಧೂಳು ದಟ್ಟವಾಗಿ ಗೆರೆಯನ್ನು ನುಂಗಿಹಾಕಿತ್ತು. ಶಾಖದ ಚುಕ್ಕಿಗಳು ಮಾತ್ರ ಕೆರೆಯ ಕಡೆ ಸರಿದಿದ್ದವು. ಅದರ ಮುಂದಿನ ಚಿತ್ರದಲ್ಲಿ ಬಿಡಾರ ಇರುವ ಜಾಗವೇ ಕೆಂಪಾಗಿತ್ತು. ಗೆಂಜೆ ಅಗಾ ಯಾವಾಗ ಬಂದು ಪಕ್ಕದಲ್ಲಿ ನಿಂತರೋ ತಿಳಿಯದು. ಅವರು ತಮಾಷೆ ಮಾಡಲಿಲ್ಲ. ನಾನು ಆ ಕೆಂಪನ್ನೇ ನೋಡುತ್ತ, ಮಗು ಯಾವ ಅಂಗಿ ಹಾಕಿಕೊಂಡಿರಬಹುದು ಎಂದು ಯೋಚಿಸುತ್ತಿದ್ದೆ.

ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಆ ಕಡೆ ಕೆಮ್ಮು. ಮಾವ.

"ಡ್ರೈವರ್ ಫೋನಿದು. ಮಗು ಚೆನ್ನಾಗಿದೆ. ಅವರೇ ಬಾಗಿಲು ಒಡೆದು ಎಳ್ಕೊಂಡು ಬಂದ್ರು. ಮನೆ ಹೋಯ್ತು."

ಜೋರಾಗಿ ಅತ್ತುಬಿಟ್ಟೆ. "ಅತಾ, ಹೊಗೆ ವಾಸನೆ ಬರಲಿಲ್ವಾ ನಿಮಗೆ?"

"ಬರದೆ ಏನು? ಹುಟ್ಟಿದಾಗಿಂದ ಜೊಂಡಲ್ಲೇ ಇದ್ದೀನಿ. ಜುಪಾರ್ ಕೂಡ ಅಂದ್ಲು, ಅತಾ, ಹೊಗೆ, ಹೋಗೋಣ ಅಂತ." ಮತ್ತೆ ಕೆಮ್ಮಿದರು. "ನಾನೇ ಅವಳಿಗೆ, ಕೂತ್ಕೋ, ನಿಮ್ಮಮ್ಮ ಮೇಲಿಂದ ನೋಡ್ತಿದಾಳೆ, ಅವಳಿಗೆ ಗೊತ್ತಿರುತ್ತೆ ಅಂದೆ."

ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

"ನಾಳೆನೂ ಗಾಳಿ ಇದೆಯಾ ಮಗಳೇ?" ಎಂದು ಕೇಳಿದರು. "ಹೇಳು, ನೀನು ಹೇಳಿದ ಹಾಗೇ ಇರ್ತೀವಿ."